ಜಪಾನೀ ಶಬ್ದಗಳೂ ಮರೆವಿನ ಲೆಕ್ಕವೂ

ಜಪಾನೀ ಭಾಷೆಯನ್ನು ಕಲಿಯಲು ಹೊರಟ ಕನ್ನಡಿಗನಿಗೆ ಮೊದಲ ತಿಂಗಳು ಬಹು ಹಿತವಾಗಿ ಕಳೆಯುತ್ತದೆ. ದೂರದ ನಾಡು, ಕಂಡರಿಯದ ಲಿಪಿ ಎಂದು ಅಂಜುತ್ತಲೇ ಪುಸ್ತಕ ತೆರೆದವನಿಗೆ ಅಲ್ಲಿ ಪರಿಚಿತರ ಮನೆಯ ಜಗಲಿ ಕಂಡಂತಾಗುತ್ತದೆ. ಜಪಾನಿನ ಕಾನಾ ಅಕ್ಷರಗಳ ಸಾಲು ಅ, ಇ, ಉ, ಎ, ಒ ಎಂದು ಮೊದಲಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ನಮ್ಮ ಚವರ್ಗದ ಸ್ಥಾನದಲ್ಲಿ ಸಕಾರವೂ ಪವರ್ಗದ ಸ್ಥಾನದಲ್ಲಿ ಹಕಾರವೂ ಕುಳಿತಿವೆಯೆಂದು ತಿಳಿದುಕೊಂಡರೆ ಇದು ನಮ್ಮ ವರ್ಣಮಾಲೆಯ ಕ್ರಮವೇ ಎಂಬುದು ಸ್ಪಷ್ಟವಾಗುತ್ತದೆ. ಸಂಸ್ಕೃತದ ಮಂತ್ರಗಳನ್ನು ಶುದ್ಧವಾಗಿ ಉಚ್ಚರಿಸುವ ಸಲುವಾಗಿ ಸಿದ್ಧಂ ಲಿಪಿಯನ್ನು ಅಭ್ಯಾಸಮಾಡಿದ ಬೌದ್ಧ ಭಿಕ್ಷುಗಳಿಂದ ಆ ನಾಡಿಗೆ ಸಂದ ಕ್ರಮವದು. ವಾಕ್ಯದ ನಡಿಗೆಯೂ ಅಪರಿಚಿತವಲ್ಲ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕಡೆಗೆ. ವಿಭಕ್ತಿಯ ಗುರುತು ನಾಮಪದದ ಬೆನ್ನಿಗೆ. ‘ವತಾಶಿ ವ ಹೊನ್ ಒ ಯೊಮಿಮಸು’ ಎಂಬುದನ್ನು ‘ನಾನು ಪುಸ್ತಕವನ್ನು ಓದುತ್ತೇನೆ’ ಎಂದು, ಒಂದು ಪದದ ಸ್ಥಾನವನ್ನೂ ಕದಲಿಸದೆ ಹೇಳಬಹುದು. ಇಂಗ್ಲಿಷನ್ನಾಡುವವನು ತಿಂಗಳುಗಟ್ಟಲೆ ಹೆಣಗಿ ಅರಗಿಸಿಕೊಳ್ಳುವ ಈ ಕ್ರಮ ನಮಗೆ ಹುಟ್ಟಿನಿಂದಲೇ ಬಂದದ್ದು. ತಮಿಳಿಗೂ ಜಪಾನಿಗೂ ರಕ್ತಸಂಬಂಧವೇ ಉಂಟೆಂದು ಸುಸುಮು ಓನೊ ಎಂಬ ಜಪಾನೀ ವಿದ್ವಾಂಸರು ವಾದಿಸಿದ್ದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಒಪ್ಪದಿದ್ದರೂ ಚಿಂತೆಯಿಲ್ಲ, ಕಲಿಯುವವನಿಗೆ ಬೇಕಾದದ್ದು ವಂಶಾವಳಿಯಲ್ಲ, ಸಲಿಗೆ.

ಎರಡನೆಯ ತಿಂಗಳಿನಲ್ಲಿ ಶಬ್ದಗಳು ಬರುತ್ತವೆ. ಹಿತವೆಲ್ಲ ಅಲ್ಲಿಗೆ ಮುಗಿಯಿತು.

ಮರಾಠಿಯನ್ನೋ ಹಿಂದಿಯನ್ನೋ ಕಲಿಯುವಾಗ ಸಹಸ್ರಾರು ಶಬ್ದಗಳು ಬಂಡವಾಳವಾಗಿ ಮೊದಲೇ ನಮ್ಮ ಕೈಯಲ್ಲಿರುತ್ತವೆ. ಜಪಾನಿಯಲ್ಲಿ ಆ ಅನುಕೂಲವಿಲ್ಲ. ಬೌದ್ಧಧರ್ಮದ ಜೊತೆಗೆ ಚೀನದ ದಾರಿಯಾಗಿ ಹೋಗಿ ಸೇರಿದ ಕೆಲವು ಸಂಸ್ಕೃತ ಶಬ್ದಗಳುಂಟು. ‘ಸೆತ್ಸುನ’ ಎಂದರೆ ಕ್ಷಣ. ‘ಎನ್ಮ’ ಎಂದರೆ ಯಮ. ಯಜಮಾನನಿಗೂ ಗಂಡನಿಗೂ ಹೇಳುವ ‘ದನ್ನ’ ಎಂಬ ಮಾತಿನ ಮೂಲ ನಮ್ಮ ‘ದಾನ’. ಪೋರ್ಚುಗೀಸರು ಎರಡು ನಾಡುಗಳಲ್ಲಿಯೂ ಬಿಟ್ಟುಹೋದವು ಒಂದೆರಡು: ಅಲ್ಲಿಯ ‘ಪನ್’ ನಮ್ಮ ಕರಾವಳಿಯ ಪಾವು, ಅಲ್ಲಿಯ ‘ತಬಕೊ’ ನಮ್ಮ ತಂಬಾಕು. ಇಂಗ್ಲಿಷಿನಿಂದ ಹೋದವು ಬಹಳವಿದ್ದರೂ ಟೆಲಿವಿಷನ್ ‘ತೆರೆಬಿ’ಯಾಗಿ ವೇಷ ಬದಲಿಸಿರುವುದರಿಂದ ಗುರುತು ಹಿಡಿಯುವುದೇ ಒಂದು ಕೆಲಸ. ಉಳಿದ ಶಬ್ದಸಮುದ್ರವೆಲ್ಲ ಹೊಸ ನೀರು.

ಆ ಸಮುದ್ರದ ವಿಸ್ತಾರವೆಷ್ಟು? ಜಪಾನೀ ಭಾಷಾಸಾಮರ್ಥ್ಯ ಪರೀಕ್ಷೆಯೆಂಬುದೊಂದು ೧೯೮೪ರಿಂದ ನಡೆದುಬಂದಿದೆ. ಬೆಂಗಳೂರಿನಲ್ಲಿಯೂ ಅದನ್ನು ಬರೆಯಬಹುದು. ಓದಿಗೋ ಉದ್ಯೋಗಕ್ಕೋ ಆ ನಾಡಿಗೆ ಹೋಗಬಯಸುವವರಿಗೆ ಅದರ ಅರ್ಹತಾಪತ್ರವನ್ನು ಕೇಳುವುದುಂಟು. ಆದ್ದರಿಂದ ನಮ್ಮ ಎಷ್ಟೋ ತರುಣ ತರುಣಿಯರ ಭವಿಷ್ಯ ಅದರ ಮೇಲೆ ನಿಂತಿದೆ. ೨೦೧೦ಕ್ಕೆ ಮೊದಲು ಅದರಲ್ಲಿ ನಾಲ್ಕು ಹಂತಗಳಿದ್ದುವು. ಕೆಳಗಿನ ಹಂತಕ್ಕೆ ೮೦೦ ಶಬ್ದಗಳು ಮತ್ತು ೧೦೦ ಕಾಂಜಿಗಳು, ಎಂದರೆ ಚೀನೀ ಮೂಲದ ಅಕ್ಷರಗಳು. ಮೇಲಿನ ಹಂತಕ್ಕೆ ೧೦,೦೦೦ ಶಬ್ದಗಳು ಮತ್ತು ೨,೦೦೦ ಕಾಂಜಿಗಳು ಎಂದು ಗೊತ್ತುಮಾಡಿದ್ದರು. ಈಗ ಹಂತಗಳು ಐದಾಗಿವೆ, ಅಂಥ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಆದರೆ ಶ್ರಮವೇನೂ ಕಡಿಮೆಯಾಗಿಲ್ಲ. ದಿನಕ್ಕೆ ಹತ್ತು ಶಬ್ದಗಳಂತೆ ಕಲಿತರೂ ಹತ್ತು ಸಾವಿರಕ್ಕೆ ಒಂದು ಸಾವಿರ ದಿನ, ಸುಮಾರು ಮೂರು ವರ್ಷ, ಬೇಕು. ಅದೂ ಕಲಿತದ್ದರಲ್ಲಿ ಒಂದನ್ನೂ ಮರೆಯದಿದ್ದರೆ.

ಜಪಾನೀ ಶಬ್ದಗಳನ್ನು ಮರೆಯುವುದು ಸುಲಭವೆಂಬುದಕ್ಕೆ ಭಾಷೆಯಲ್ಲಿಯೇ ಕಾರಣಗಳಿವೆ. ಧ್ವನಿಗಳು ಕೆಲವೇ ಆದುದರಿಂದ ಒಂದೇ ಉಚ್ಚಾರಣೆಗೆ ಹಲವು ಶಬ್ದಗಳು ಜೋತುಬಿದ್ದಿವೆ. ‘ಹಶಿ’ ಎಂದರೆ ಸೇತುವೆ, ಊಟದ ಕಡ್ಡಿ, ಅಂಚು. ಸ್ವರದ ಏರಿಳಿತವೊಂದೇ ಅವುಗಳನ್ನು ಬೇರ್ಪಡಿಸುವುದು. ಕಾಂಜಿಯ ಕಡೆಯಿಂದ ನೋಡಿದರೆ ತೊಡಕು ತಿರುಗುಮುರುಗು. ಜೀವ, ಹುಟ್ಟು ಎಂಬ ಅರ್ಥದ ಒಂದು ಅಕ್ಷರವುಂಟು. ಗುರುವೆಂಬ ಅರ್ಥದ ‘ಸೆನ್ಸೇ’ ಶಬ್ದದಲ್ಲಿ ಅದನ್ನು ‘ಸೇ’ ಎಂದು ಓದಬೇಕು. ಜೀವಮಾನವೆಂಬ ಅರ್ಥದ ‘ಇಶ್ಶೋ’ದಲ್ಲಿ ‘ಶೋ’. ಬದುಕುವುದೆಂಬ ‘ಇಕಿರು’ವಿನಲ್ಲಿ ‘ಇ’. ಹುಟ್ಟುವುದೆಂಬ ‘ಉಮರೆರು’ವಿನಲ್ಲಿ ‘ಉ’. ಬೇಯಿಸದ ಹಸಿ ಪದಾರ್ಥಕ್ಕೆ ಹೇಳುವಾಗ ‘ನಮ’. ಚೀನದಿಂದ ಬೇರೆ ಬೇರೆ ಶತಮಾನಗಳಲ್ಲಿ ಬಂದ ಉಚ್ಚಾರಣೆಗಳೂ ನೆಲದ ಶಬ್ದಗಳೂ ಒಂದೇ ಅಕ್ಷರದ ಮನೆಯಲ್ಲಿ ಒಕ್ಕಲಿರುವುದರ ಫಲವಿದು. ಜಪಾನಿನ ಮಕ್ಕಳಿಗೇ ೧,೦೨೬ ಕಾಂಜಿಗಳನ್ನು ಕಲಿಸಲು ಪ್ರಾಥಮಿಕ ಶಾಲೆಯ ಆರು ವರ್ಷಗಳನ್ನು ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಬಳಕೆಯದೆಂದು ಸರ್ಕಾರ ೨೦೧೦ರಲ್ಲಿ ಗೊತ್ತುಮಾಡಿದ ಪಟ್ಟಿಯಲ್ಲಿ ೨,೧೩೬ ಇವೆ. ಹೀಗಿರುವಾಗ ಸಂಜೆ ಕಲಿತ ಹತ್ತು ಶಬ್ದಗಳಲ್ಲಿ ಬೆಳಿಗ್ಗೆ ನಾಲ್ಕು ಉಳಿದರೆ ಕಲಿಯುವವನು ತನ್ನ ಬುದ್ಧಿಯನ್ನು ಹಳಿದುಕೊಳ್ಳಬೇಕಾಗಿಲ್ಲ.

ಉಳಿಯುವುದೆಷ್ಟು, ಹೋಗುವುದೆಷ್ಟು ಎಂಬುದನ್ನು ಮೊತ್ತಮೊದಲು ಅಳೆದು ನೋಡಿದವನು ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ. ಆತನ ಕ್ರಮ ಈಗ ಕೇಳಿದರೆ ತಪಸ್ಸಿನಂತೆ ತೋರುತ್ತದೆ. ಅರ್ಥದ ಸಹಾಯ ನೆನಪಿಗೆ ದೊರೆಯಬಾರದೆಂದು ಏನೂ ಅರ್ಥವಿಲ್ಲದ ಸುಮಾರು ೨,೩೦೦ ಅಕ್ಷರಗುಚ್ಛಗಳನ್ನು ಹೊಸೆದುಕೊಂಡ. ಅವುಗಳನ್ನು ಸಾಲುಸಾಲಾಗಿ ಜೋಡಿಸಿ, ಗಡಿಯಾರದ ತಾಳಕ್ಕೆ ನಿಮಿಷಕ್ಕೆ ೧೫೦ರಂತೆ ಓದಿ, ತಪ್ಪಿಲ್ಲದೆ ಒಪ್ಪಿಸುವವರೆಗೂ ಬಿಡದೆ ಅಭ್ಯಾಸಮಾಡಿದ. ೧೮೭೯-೮೦ರಲ್ಲಿ ಒಮ್ಮೆ, ೧೮೮೩-೮೪ರಲ್ಲಿ ಮತ್ತೊಮ್ಮೆ. ಪ್ರಯೋಗ ಮಾಡುವವನೂ ಆತನೇ, ಪ್ರಯೋಗಕ್ಕೊಳಗಾಗುವವನೂ ಆತನೇ. ಒಮ್ಮೆ ಕಲಿತ ಸಾಲನ್ನು ಕೆಲವು ಕಾಲ ಬಿಟ್ಟು ಮತ್ತೆ ಕಲಿಯುವಾಗ ಮೊದಲಿನ ಶ್ರಮದಲ್ಲಿ ಎಷ್ಟು ಪಾಲು ಉಳಿತಾಯವಾಯಿತೆಂಬುದೇ ಅವನ ಅಳತೆಗೋಲು. ಇಪ್ಪತ್ತು ನಿಮಿಷಗಳ ತರುವಾಯ ನೂರಕ್ಕೆ ೫೮ರಷ್ಟು ಉಳಿತಾಯ; ಒಂದು ಗಂಟೆಯ ಮೇಲೆ ೪೪; ಒಂದು ದಿನಕ್ಕೆ ೩೪; ಆರು ದಿನಕ್ಕೆ ೨೫; ಮೂವತ್ತೊಂದು ದಿನಗಳಿಗೆ ೨೧. ಇದನ್ನೆಲ್ಲ ಆತ ೧೮೮೫ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ೨೦೧೫ರಲ್ಲಿ ಡಚ್ ಸಂಶೋಧಕರಿಬ್ಬರು ಆ ಪ್ರಯೋಗವನ್ನು ಹೊಸದಾಗಿ ನಡೆಸಿದಾಗಲೂ ರೇಖೆ ಬಹುಮಟ್ಟಿಗೆ ಅದೇ ಬಾಗನ್ನು ತೋರಿಸಿತು.

ಈ ಅಂಕಿಗಳನ್ನು ಕಂಡವರು ಸಾಮಾನ್ಯವಾಗಿ ಮೊದಲ ದಿನದ ಸೋರಿಕೆಯನ್ನು ನೋಡಿ ಎದೆಗೆಡುತ್ತಾರೆ. ನನಗೆ ಅದಕ್ಕಿಂತ ಗಮನಾರ್ಹವೆಂದು ತೋರುವುದು ಕೊನೆಯ ಎರಡು ಅಂಕಿಗಳು. ಆರನೆಯ ದಿನದಿಂದ ಮೂವತ್ತೊಂದನೆಯ ದಿನದವರೆಗೆ ನಷ್ಟವಾದದ್ದು ನಾಲ್ಕೇ ಪಾಲು. ಮರೆವು ಮೊದಲು ಧಾವಿಸುತ್ತದೆ, ಆಮೇಲೆ ತೆವಳುತ್ತದೆ. ಅದೇ ಪುಸ್ತಕದಲ್ಲಿ ಇನ್ನೊಂದು ಲೆಕ್ಕವುಂಟು. ಹನ್ನೆರಡು ಗುಚ್ಛಗಳ ಒಂದು ಸಾಲನ್ನು ಒಂದೇ ದಿನ ೬೮ ಸಲ ಓದಿದ್ದರಿಂದ ಮರುದಿನ ದೊರೆತ ಫಲವೇ, ಅಂಥದೇ ಸಾಲನ್ನು ಮೂರು ದಿನಗಳಿಗೆ ಹಂಚಿ ೩೮ ಸಲ ಓದಿದ್ದರಿಂದಲೂ ಸುಮಾರಾಗಿ ದೊರೆಯಿತು. ಮೂವತ್ತು ಓದುಗಳ ಶ್ರಮವನ್ನು ಉಳಿಸಿದ್ದು ಏನು? ನಡುವೆ ಬಂದುಹೋದ ಎರಡು ರಾತ್ರಿಗಳು. ಆ ರಾತ್ರಿಗಳಲ್ಲಿ ಆದ ಮರೆವು.

ಬಿಡುವು ಕೊಟ್ಟು ಮರಳಿ ನೆನೆಯುವ ಪದ್ಧತಿಯ ಬೀಜವೆಲ್ಲ ಇದರಲ್ಲಿದೆ. ಬೀಜ ಮೊಳೆಯಲು ಬಹಳ ಕಾಲ ಹಿಡಿಯಿತು. ಅಮೆರಿಕದ ಪಾಲ್ ಪಿಮ್ಸ್‌ಲರ್ ಎಂಬ ಭಾಷಾ ಬೋಧಕ ೧೯೬೭ರಲ್ಲಿ ಒಂದು ವೇಳಾಪಟ್ಟಿಯನ್ನು ಸೂಚಿಸಿದ: ಹೊಸ ಶಬ್ದವನ್ನು ಐದು ಸೆಕೆಂಡಿಗೊಮ್ಮೆ, ಇಪ್ಪತ್ತೈದು ಸೆಕೆಂಡಿಗೊಮ್ಮೆ, ಎರಡು ನಿಮಿಷಕ್ಕೆ, ಹತ್ತು ನಿಮಿಷಕ್ಕೆ, ಗಂಟೆಗೆ, ಐದು ಗಂಟೆಗೆ, ದಿನಕ್ಕೆ, ಹೀಗೆ ಅಂತರವನ್ನು ಹಿಗ್ಗಿಸುತ್ತ ಕೊನೆಗೆ ಎರಡು ವರ್ಷಗಳವರೆಗೆ. ೧೯೭೨ರಲ್ಲಿ ಜರ್ಮನಿಯ ವಿಜ್ಞಾನ ಲೇಖಕ ಸೆಬಾಸ್ಟಿಯನ್ ಲೈಟ್ನರ್ ಇದನ್ನು ಯಾರ ಮನೆಯಲ್ಲಾದರೂ ಮಾಡಿಕೊಳ್ಳಬಹುದಾದ ರಟ್ಟಿನ ಪೆಟ್ಟಿಗೆಯ ಮಟ್ಟಕ್ಕೆ ಇಳಿಸಿದ. ಪೆಟ್ಟಿಗೆಯಲ್ಲಿ ಒಂದರ ಹಿಂದೆ ಒಂದು ಮನೆಗಳು. ಹಿಂದುಹಿಂದಿನದು ಹೆಚ್ಚು ಅಗಲ. ಚೀಟಿಯ ಒಂದು ಮುಖದಲ್ಲಿ ಪರಭಾಷೆಯ ಶಬ್ದ, ಇನ್ನೊಂದು ಮುಖದಲ್ಲಿ ಅರ್ಥ. ನೆನಪಿಗೆ ಬಂದ ಚೀಟಿ ಒಂದು ಮನೆ ಹಿಂದಕ್ಕೆ; ಬಾರದ ಚೀಟಿ, ಎಷ್ಟು ದೂರ ಹೋಗಿದ್ದರೂ ಸರಿ, ಮತ್ತೆ ಮೊದಲ ಮನೆಗೆ. ಹಿಂದಿನ ಮನೆಗಳನ್ನು ಅಪರೂಪಕ್ಕೆ ತೆರೆಯುವುದು. ಮೊದಲ ಮನೆಯನ್ನು ದಿನವೂ ತೆರೆಯುವುದು. ಚೌಕಾಬಾರ ಆಡಿದವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿಗಳೇನೋ ಜಪಾನಿಗೆ ಹೊಸವಲ್ಲ. ಅಲ್ಲಿಯ ವಿದ್ಯಾರ್ಥಿಗಳು ಬೆರಳುದ್ದದ ಕಾಗದದ ಚೀಟಿಗಳಿಗೆ ಮೂಲೆಯಲ್ಲಿ ತೂತು ಮಾಡಿ ಲೋಹದ ಬಳೆಯಲ್ಲಿ ಪೋಣಿಸಿಟ್ಟುಕೊಂಡು, ರೈಲಿನಲ್ಲಿ ಮಗುಚುತ್ತ ಕೂರುವುದುಂಟು. ಇದಕ್ಕೆ ‘ತಂಗೊಚೋ’ ಎಂದು ಹೆಸರು, ಶಬ್ದಗಳ ಪುಸ್ತಕವೆಂದು ಅರ್ಥ. ಆದರೆ ಬಳೆಗೆ ಪೋಣಿಸಿದ ಚೀಟಿಗಳೆಲ್ಲ ಒಂದೇ ಸುತ್ತಿನಲ್ಲಿ ಸಮನಾಗಿ ಬರುತ್ತವೆ. ಚೆನ್ನಾಗಿ ಬಂದದ್ದೂ ಬಾರದ್ದೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತವೆ. ನಮ್ಮ ಪಾಠಶಾಲೆಗಳಲ್ಲಿ ಅಮರಕೋಶವನ್ನು ಕಂಠಸ್ಥ ಮಾಡಿಸುತ್ತಿದ್ದಾಗಲೂ ಆವೃತ್ತಿ ನಡೆಯುತ್ತಿದ್ದುದು ಇಡೀ ಪಾಠಕ್ಕೆ, ಒಂದೊಂದು ಶಬ್ದಕ್ಕೆ ಬೇರೆಬೇರೆಯಾಗಿ ಅಲ್ಲ. ಪ್ರತಿಯೊಂದು ಶಬ್ದಕ್ಕೂ ಅದರದೇ ಆದ ಪಂಚಾಂಗವನ್ನು ಬರೆದುಕೊಟ್ಟದ್ದು ಪೆಟ್ಟಿಗೆಯ ಹೆಚ್ಚುಗಾರಿಕೆ.

ಪಂಚಾಂಗವನ್ನು ಗಣಕಕ್ಕೆ ಒಪ್ಪಿಸಿದವನು ಪೋಲೆಂಡಿನ ಪೋಜ್ನಾನ್ ನಗರದ ವಿದ್ಯಾರ್ಥಿ ಪ್ಯೋತ್ರ್ ವೋಜ್ನಿಯಾಕ್. ೧೯೮೫ರಲ್ಲಿ ಕಾಗದದ ಮೇಲೆ ತನ್ನದೇ ಕಲಿಕೆಯ ಲೆಕ್ಕವನ್ನಿಟ್ಟು, ೧೯೮೭ರಲ್ಲಿ ಅದನ್ನು ಗಣಕದ ಕ್ರಮವಿಧಿಯಾಗಿ ಬರೆದ. ಅವನ ಸೂತ್ರ ಸರಳವಾದದ್ದು. ಮೊದಲ ಭೇಟಿ ಒಂದು ದಿನದ ಮೇಲೆ, ಎರಡನೆಯದು ಆರು ದಿನದ ಮೇಲೆ. ಅಲ್ಲಿಂದ ಮುಂದೆ ಹಿಂದಿನ ಅಂತರವನ್ನು ಎರಡೂವರೆಯಿಂದ ಗುಣಿಸುತ್ತ ಹೋಗುವುದು. ಶಬ್ದ ಕಠಿನವೆಂದು ಕಂಡರೆ ಆ ಎರಡೂವರೆಯನ್ನು ಕುಗ್ಗಿಸುವುದು. ಹಾಗಾದರೆ ತೊಡಕು ಕೊಡದ ಶಬ್ದವೊಂದು ೧, ೬, ೧೫, ೩೮, ೯೫, ೨೩೮ ದಿನಗಳ ಅಂತರದಲ್ಲಿ ಕಣ್ಣಮುಂದೆ ಬರುತ್ತದೆ. ಆರನೆಯ ಭೇಟಿಯ ಹೊತ್ತಿಗೆ ಒಂದು ವರ್ಷ ಕಳೆದು ಇನ್ನೂ ನಾಲ್ಕು ವಾರವಾಗಿರುತ್ತದೆ. ವರ್ಷವೊಂದಕ್ಕೆ ಆರು ಸಲ, ಒಂದೊಂದು ಸಲಕ್ಕೆ ಕೆಲವು ಸೆಕೆಂಡು: ಒಂದು ಶಬ್ದವನ್ನು ಸಾಕಲು ಇದಕ್ಕಿಂತ ಅಗ್ಗದ ಮೇವು ಇರಲಾರದು.

ಜಪಾನೀ ಕಲಿಯುವವರ ಕೈಗೆ ಇದು ವಿಶೇಷವಾಗಿ ಬಂದದ್ದು ೨೦೦೬ರಲ್ಲಿ. ಡೇಮಿಯನ್ ಎಲ್ಮ್ಸ್ ಎಂಬಾತ ತನ್ನ ಜಪಾನೀ ಅಭ್ಯಾಸದ ಸಲುವಾಗಿಯೇ ಒಂದು ಚೀಟಿಯ ತಂತ್ರಾಂಶವನ್ನು ಬರೆದು, ‘ಅಂಕಿ’ ಎಂದು ಹೆಸರಿಟ್ಟ. ಕನ್ನಡಿಗರು ಲೆಕ್ಕದ ಅಂಕಿಯೆಂದು ತಿಳಿಯಬಾರದು. ಜಪಾನಿಯಲ್ಲಿ ಅದಕ್ಕೆ ಕಂಠಪಾಠವೆಂದು ಅರ್ಥ. ಆ ಶಬ್ದವನ್ನು ಬರೆಯುವ ಎರಡು ಕಾಂಜಿಗಳಲ್ಲಿ ಮೊದಲನೆಯದಕ್ಕೆ ಕತ್ತಲೆಯೆಂದೂ ಎರಡನೆಯದಕ್ಕೆ ಬರೆದಿಡುವುದೆಂದೂ ಅರ್ಥ. ಕಣ್ಣಿಗೆ ಕಾಣದ ಕಡೆ ಬರೆದಿಟ್ಟದ್ದು ಎಂದು ನಾವು ಬಿಡಿಸಿಕೊಂಡರೆ ತಪ್ಪಾಗಲಾರದು. ಬಹುಕಾಲ ವೋಜ್ನಿಯಾಕನ ಹಳೆಯ ಸೂತ್ರದ ಮೇಲೆಯೇ ಅದು ನಡೆಯುತ್ತಿತ್ತು. ೨೦೨೩ರಲ್ಲಿ ಹೊಸದೊಂದು ಸೂತ್ರವನ್ನು ಅದಕ್ಕೆ ಸೇರಿಸಿದರು. ಎಲ್ಲರಿಗೂ ಒಂದೇ ಎರಡೂವರೆಯ ಬದಲು, ಅವರವರ ಹಿಂದಿನ ಉತ್ತರಗಳನ್ನು ಪರಿಶೀಲಿಸಿ ಅವರವರ ಮರೆವಿನ ವೇಗವನ್ನು ಅದು ಅಂದಾಜುಮಾಡುತ್ತದೆ. ನೂರಕ್ಕೆ ಎಷ್ಟು ಶಬ್ದಗಳು ನೆನಪಿರಬೇಕೆಂದು ಕಲಿಯುವವನೇ ಗೊತ್ತುಮಾಡಬಹುದು. ಏನೂ ಹೇಳದಿದ್ದರೆ ತೊಂಬತ್ತೆಂದು ಹಿಡಿಯುತ್ತದೆ.

ತೊಂಬತ್ತೆಂಬ ಈ ಅಂಕಿಯ ಮೇಲೆ ಸ್ವಲ್ಪ ನಿಲ್ಲಬೇಕು. ಹತ್ತರಲ್ಲಿ ಒಂದು ಮರೆತಿರಲಿ ಎಂದೇ ಇಲ್ಲಿಯ ಏರ್ಪಾಡು. ಶಾಲೆಯಲ್ಲಿ ಬೆಳೆದ ನಮ್ಮ ಮನಸ್ಸಿಗೆ ಇದು ಒಗ್ಗುವುದಿಲ್ಲ. ನೂರಕ್ಕೆ ನೂರನ್ನು ಬಯಸುವುದು ನಮ್ಮ ಅಭ್ಯಾಸ. ಆದರೆ ನೂರಕ್ಕೆ ನೂರು ಬರಬೇಕಾದರೆ ಶಬ್ದವನ್ನು ಅದು ಇನ್ನೂ ಹಸಿಯಾಗಿರುವಾಗಲೇ ಮತ್ತೆಮತ್ತೆ ಕೇಳುತ್ತಿರಬೇಕು. ಹಸಿಯಾಗಿರುವುದನ್ನು ಕೇಳಿದರೆ ಉತ್ತರ ಬರುತ್ತದೆ, ಸಂತೋಷವಾಗುತ್ತದೆ, ಲಾಭ ಅತ್ಯಲ್ಪ. ಜಾರಿಹೋಗುವ ಅಂಚಿನಲ್ಲಿರುವಾಗ, ಒಂದು ಕ್ಷಣ ತಡಕಾಡಿ ಎಳೆದು ತಂದ ಶಬ್ದವೇ ಬೇರು ಬಿಡುವುದು. ಆ ಅಂಚನ್ನು ಮುಟ್ಟಬೇಕಾದರೆ ಕೆಲವು ಜಾರಿಬೀಳುವುದೂ ಅನಿವಾರ್ಯ. ಮರೆವು ಇಲ್ಲಿ ಶತ್ರುವಲ್ಲ, ಲೆಕ್ಕದ ಒಂದು ಬಾಬು.

ಇದು ಮನಸ್ಸಿಗೆ ಒಗ್ಗದಿರುವುದೇ ಈ ಪದ್ಧತಿಯ ನಿಜವಾದ ಕಷ್ಟ. ೨೦೦೮ರಲ್ಲಿ ಅಮೆರಿಕದ ಕಾರ್ಪಿಕೆ ಮತ್ತು ರೋಡಿಗರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳಿಗೆ ಸ್ವಾಹಿಲಿ ಭಾಷೆಯ ನಲವತ್ತು ಶಬ್ದಗಳನ್ನು ಕಲಿಸಿದರು. ಕೆಲವರಿಗೆ, ಒಮ್ಮೆ ಸರಿಯಾಗಿ ಹೇಳಿದ ಶಬ್ದವನ್ನು ಮುಂದೆ ಓದಿಸುತ್ತಿದ್ದರೇ ಹೊರತು ಪ್ರಶ್ನೆ ಕೇಳುತ್ತಿರಲಿಲ್ಲ. ಇನ್ನು ಕೆಲವರಿಗೆ ಓದಿಸುವುದನ್ನು ನಿಲ್ಲಿಸಿ ಪ್ರಶ್ನೆಯನ್ನು ಮಾತ್ರ ಮುಂದುವರಿಸಿದರು. ವಾರದ ಮೇಲೆ ಮೊದಲಿನವರಿಗೆ ನೂರಕ್ಕೆ ಮೂವತ್ತಾರರಷ್ಟು ನೆನಪಿದ್ದಿತು, ಎರಡನೆಯವರಿಗೆ ಎಂಬತ್ತರಷ್ಟು. ಸ್ವಾರಸ್ಯವಿರುವುದು ಇದರಲ್ಲಲ್ಲ. ವಾರದ ಮೇಲೆ ನಿಮಗೆ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದ್ದಾಗ ಎರಡು ಗುಂಪಿನವರೂ ಸುಮಾರು ಅರ್ಧವೆಂದು ಒಂದೇ ಉತ್ತರ ಕೊಟ್ಟಿದ್ದರು. ಕಲಿತವನಿಗೆ ತಾನು ಕಲಿತದ್ದೆಷ್ಟೆಂಬುದೇ ಗೊತ್ತಾಗುವುದಿಲ್ಲ! ನಮ್ಮ ಹಿರಿಯರು ‘ಪಾಠ ಓದುವುದು’ ಬೇರೆ, ‘ಪಾಠ ಒಪ್ಪಿಸುವುದು’ ಬೇರೆ ಎಂದು ಎರಡು ಮಾತುಗಳನ್ನಿಟ್ಟುಕೊಂಡಿದ್ದರು. ಒಪ್ಪಿಸಿದ್ದೇ ಕಲಿಕೆಯೆಂಬುದಕ್ಕೆ ಅಂಕಿ ಅಂಶಗಳ ಸಾಕ್ಷ್ಯ ದೊರೆತದ್ದು ಹೀಗೆ.

ಬ್ರಿಟನ್ನಿನ ಅಂಚೆಯವರ ಕಥೆ ಇನ್ನೂ ವಿನೋದವಾಗಿದೆ. ಕಾಗದಗಳನ್ನು ವಿಂಗಡಿಸುವ ಯಂತ್ರದ ಕೀಲಿಗಳನ್ನು ಒತ್ತುವ ವಿದ್ಯೆಯನ್ನು ಅಲ್ಲಿಯ ನೌಕರರಿಗೆ ಕಲಿಸುವಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬವರು ನಾಲ್ಕು ಗುಂಪುಗಳನ್ನು ಮಾಡಿ ನೋಡಿದರು; ಫಲ ಪ್ರಕಟವಾದದ್ದು ೧೯೭೮ರಲ್ಲಿ. ದಿನಕ್ಕೆ ಒಂದೇ ಗಂಟೆ ಅಭ್ಯಾಸಮಾಡಿದ ಗುಂಪು ಎಲ್ಲಕ್ಕಿಂತ ಕಡಿಮೆ ಗಂಟೆಗಳಲ್ಲಿ ಕಲಿಯಿತು. ತಮ್ಮ ವೇಳಾಪಟ್ಟಿಯ ಬಗೆಗೆ ಎಲ್ಲರಿಗಿಂತ ಹೆಚ್ಚು ಅಸಮಾಧಾನಪಟ್ಟವರೂ ಅವರೇ. ದಿನಕ್ಕೆ ನಾಲ್ಕು ಗಂಟೆ ಕುಳಿತವರಿಗೆ ತಾವು ಬೇಗ ಮುಂದುವರಿಯುತ್ತಿದ್ದೇವೆಂಬ ತೃಪ್ತಿಯಿದ್ದಿತು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪಟ್ಟಿಯನ್ನು ಉರುಹೊಡೆಯುವ ವಿದ್ಯಾರ್ಥಿಗೂ ಇಂಥದೇ ತೃಪ್ತಿಯಿರುತ್ತದೆ. ಮರುದಿನದ ಪರೀಕ್ಷೆಗೆ ಅದು ಸಾಕಾಗಲೂಬಹುದು. ಆದರೆ ಮರುವರ್ಷ ಓಸಾಕಾದ ಕಾರ್ಖಾನೆಯಲ್ಲಿ ಮೇಲ್ವಿಚಾರಕನ ಮಾತು ತಿಳಿಯಬೇಕಾದಾಗ ಆ ರಾತ್ರಿಯದೇನೂ ಒದಗುವುದಿಲ್ಲ.

ಅಂತರ ಎಷ್ಟು ದೊಡ್ಡದಿರಬಹುದೆಂಬುದಕ್ಕೆ ಹ್ಯಾರಿ ಬಾರಿಕ್ ಎಂಬ ಪಂಡಿತ ತನ್ನ ಮನೆಯವರನ್ನೇ ಕೂಡಿಕೊಂಡು ಸಾಕ್ಷಿ ಒದಗಿಸಿದ. ಮನೆಯ ನಾಲ್ವರೂ ತಲಾ ಮುನ್ನೂರು ಪರಭಾಷಾ ಶಬ್ದಗಳನ್ನು ವರ್ಷಗಟ್ಟಲೆ ಅಭ್ಯಾಸಮಾಡಿ, ಬಿಟ್ಟು, ಐದು ವರ್ಷಗಳ ತನಕ ಪರೀಕ್ಷಿಸಿಕೊಂಡರು. ಐವತ್ತಾರು ದಿನಗಳಿಗೊಮ್ಮೆ ಹದಿಮೂರು ಸಲ ಅಭ್ಯಾಸಮಾಡಿದ್ದು, ಹದಿನಾಲ್ಕು ದಿನಗಳಿಗೊಮ್ಮೆ ಇಪ್ಪತ್ತಾರು ಸಲ ಮಾಡಿದ್ದಕ್ಕೆ ಸರಿಸಮವಾಯಿತು. ೧೯೯೩ರಲ್ಲಿ ಪ್ರಕಟವಾದ ಆ ಲೇಖನಕ್ಕೆ ನಾಲ್ವರು ಬಾರಿಕರೂ ಕರ್ತೃಗಳು. ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತಾಡುತ್ತಿದ್ದರೋ!

ಇಷ್ಟೆಲ್ಲ ಕಾಲದ ಮಾತಾಯಿತು. ಚೀಟಿಯಲ್ಲಿ ಏನು ಬರೆಯಬೇಕೆಂಬ ಪ್ರಶ್ನೆ ಉಳಿದಿದೆ. ನಮ್ಮ ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ಸಿದ್ಧಪಡಿಸಿದ ಜಪಾನೀ ಚೀಟಿಗಳು ಸಾವಿರಗಟ್ಟಲೆ ದೊರೆಯುತ್ತವೆ. ಅವುಗಳ ಬೆನ್ನಿನ ಮೇಲೆ ಸಾಮಾನ್ಯವಾಗಿ ಇಂಗ್ಲಿಷಿನ ಅರ್ಥವಿರುತ್ತದೆ. ಕನ್ನಡಿಗನು ಜಪಾನೀ ಶಬ್ದವನ್ನು ಇಂಗ್ಲಿಷಿನ ಸೇತುವೆಯ ಮೇಲೆ ಹಾಯಿಸಿಕೊಂಡು ಮನೆಗೆ ತರುತ್ತಾನೆ. ಹತ್ತಿರದ ಕಾಲುದಾರಿ ಇರುವಾಗ ಈ ಸುತ್ತುಬಳಸು ಏಕೆ?

ಉಡುಗೆಯ ಮಾತನ್ನೇ ನೋಡೋಣ. ಇಂಗ್ಲಿಷಿನಲ್ಲಿ ಅಂಗಿಗೂ ಚಪ್ಪಲಿಗೂ ಟೋಪಿಗೂ ಕನ್ನಡಕಕ್ಕೂ ಒಂದೇ ‘ವೇರ್’ ಸಲ್ಲುತ್ತದೆ. ಜಪಾನಿಯಲ್ಲಿ ಮೈಗೆ ತೊಡುವುದಕ್ಕೆ ‘ಕಿರು’, ಕಾಲ ಕಡೆಯಿಂದ ಏರಿಸಿಕೊಳ್ಳುವ ಷರಾಯಿ ಪಾದರಕ್ಷೆಗಳಿಗೆ ‘ಹಕು’, ತಲೆಯ ಮೇಲಿಡುವುದಕ್ಕೆ ‘ಕಬುರು’, ಕನ್ನಡಕಕ್ಕೆ ‘ಕಕೆರು’. ಇಂಗ್ಲಿಷಿನ ಮೂಲಕ ಕಲಿತವನಿಗೆ ನಾಲ್ಕು ಚೀಟಿಗಳ ಬೆನ್ನಿನ ಮೇಲೆಯೂ ಒಂದೇ ಶಬ್ದ. ನಾಲ್ಕೂ ಪರಸ್ಪರ ಕಾದಾಡಿ ಒಂದೂ ನಿಲ್ಲುವುದಿಲ್ಲ. ಸೀರೆ ಉಟ್ಟು, ರವಿಕೆ ತೊಟ್ಟು, ಹೂ ಮುಡಿದು, ಚಪ್ಪಲಿ ಮೆಟ್ಟಿ ಹೊರಡುವವರ ಭಾಷೆಯಲ್ಲಿ ಆ ಗೊಂದಲಕ್ಕೆ ಅವಕಾಶವೆಲ್ಲಿ? ‘ಹಕು’ವಿನ ಬೆನ್ನಿಗೆ ‘ಮೆಟ್ಟು’ ಎಂದೂ ‘ಕಿರು’ವಿನ ಬೆನ್ನಿಗೆ ‘ತೊಡು’ ಎಂದೂ ಬರೆದರೆ ಅರ್ಧ ಕೆಲಸ ಮುಗಿಯಿತು. ಷರಾಯಿಯನ್ನು ನಾವು ಮೆಟ್ಟುವುದಿಲ್ಲವೆಂಬ ಚಿಕ್ಕ ವ್ಯತ್ಯಾಸವೇ ನೆನಪಿಗೊಂದು ಮೊಳೆ.

‘ಕಕೆರು’ ಎಂಬ ಕ್ರಿಯಾಪದ ಇನ್ನೂ ರಮ್ಯ. ನಿಘಂಟುಗಳಲ್ಲಿ ಅದಕ್ಕೆ ಹತ್ತಾರು ಅರ್ಥಗಳನ್ನು ಸಂಖ್ಯೆ ಹಚ್ಚಿ ಕೊಟ್ಟಿರುತ್ತಾರೆ. ಓದಿದರೆ ತಲೆ ತಿರುಗುತ್ತದೆ. ‘ಮೆಗನೆ ಒ ಕಕೆರು’ ಎಂದರೆ ಕನ್ನಡಕ ಹಾಕು. ‘ಕಗಿ ಒ ಕಕೆರು’ ಎಂದರೆ ಬೀಗ ಹಾಕು. ‘ಶಿಓ ಒ ಕಕೆರು’ ಎಂದರೆ ಮೇಲೆ ಉಪ್ಪು ಹಾಕು. ‘ದೆನ್ವ ಒ ಕಕೆರು’ ಎಂದರೆ, ಈಗ ನಮ್ಮ ಬಾಯಲ್ಲಿರುವಂತೆಯೇ, ಫೋನು ಹಾಕು. ಇಂಗ್ಲಿಷಿನಲ್ಲಿ ನಾಲ್ಕು ಬೇರೆ ಕ್ರಿಯಾಪದಗಳು ಬೇಕಾದಲ್ಲಿ ಕನ್ನಡದ ಒಂದು ‘ಹಾಕು’ ಸಾಕಾಗುತ್ತದೆ. ಎಲ್ಲ ಕಡೆಯೂ ಹೊಂದುತ್ತದೆಯೆಂದಲ್ಲ. ‘ಜಿಕನ್ ಒ ಕಕೆರು’ ಎಂಬುದು ಕಾಲ ವ್ಯಯಮಾಡುವುದು, ಹಾಕುವುದಲ್ಲ. ಹೊಂದದ ಕಡೆ ಹೊಸ ಚೀಟಿ. ಹಾಗೆಯೇ, ಹಿರಿಯರು ಬರುವುದಕ್ಕೂ ಹೋಗುವುದಕ್ಕೂ ಇರುವುದಕ್ಕೂ ಹೇಳುವ ‘ಇರಶ್ಶರು’ ಎಂಬ ಗೌರವದ ಕ್ರಿಯಾಪದ ಪಾಶ್ಚಾತ್ಯ ವಿದ್ಯಾರ್ಥಿಗಳನ್ನು ಬೆಚ್ಚಿಬೀಳಿಸುತ್ತದೆ. ಬರುವುದಕ್ಕೂ ಹೋಗುವುದಕ್ಕೂ ಸಲ್ಲುವ ‘ದಯಮಾಡಿಸು’ ನಮ್ಮಲ್ಲಿದೆ. ಮರೆತುಹೋಗುತ್ತಿರುವ ನಮ್ಮ ಶಬ್ದವೊಂದು ಅವರ ಶಬ್ದದ ನೆನಪಿಗೆ ಒದಗುವುದಾದರೆ ಎರಡಕ್ಕೂ ಲಾಭ.

ಈ ಉದಾಹರಣೆಗಳಲ್ಲಿ ಚೀಟಿಯ ಮೇಲೆ ಒಂಟಿ ಶಬ್ದವಿಲ್ಲ, ಸಣ್ಣ ಪದಪುಂಜವಿದೆ ಎಂಬುದನ್ನು ಗಮನಿಸಬೇಕು. ಹಲವು ಉಚ್ಚಾರಣೆಗಳ ಕಾಂಜಿಯನ್ನು ಬಿಡಿಯಾಗಿ ಬರೆದು ಅದರ ಉಚ್ಚಾರಣೆಗಳೆಲ್ಲವನ್ನೂ ಒಂದೇ ಚೀಟಿಗೆ ತುಂಬುವುದು ವ್ಯರ್ಥ. ನಾಲ್ಕು ಬಂದು ಒಂದು ಬಾರದಿದ್ದರೆ ಆ ಚೀಟಿಗೆ ಏನೆಂದು ತೀರ್ಪು ಕೊಡುವುದು? ‘ಸೆನ್ಸೇ’ಗೊಂದು, ‘ಇಶ್ಶೋ’ಗೊಂದು ಚೀಟಿಯಿರಲಿ. ಚೀಟಿಗಳ ಸಂಖ್ಯೆ ಹೆಚ್ಚಿದರೆ ಹೆಚ್ಚಲಿ.

ತೀರ್ಪಿನ ಮಾತು ಬಂದದ್ದರಿಂದ ಒಂದು ಸೂಕ್ಷ್ಮವನ್ನು ಹೇಳಬೇಕು. ಈ ವ್ಯವಸ್ಥೆಯಲ್ಲಿ ಪರೀಕ್ಷಕನೂ ವಿದ್ಯಾರ್ಥಿಯೂ ಒಬ್ಬನೇ. ಚೀಟಿ ಮಗುಚಿದ ಮೇಲೆ ‘ಗೊತ್ತಿತ್ತು, ನಾಲಗೆಯ ತುದಿಯಲ್ಲಿಯೇ ಇತ್ತು’ ಎಂದುಕೊಂಡು ಸರಿಯೆಂದು ಒತ್ತಿಬಿಡುವ ಆಸೆ ಪ್ರಬಲವಾದದ್ದು. ಯಂತ್ರ ನಂಬುತ್ತದೆ, ಶಬ್ದವನ್ನು ಮೂರು ತಿಂಗಳಾಚೆಗೆ ಕಳುಹಿಸುತ್ತದೆ, ಮೂರು ತಿಂಗಳ ಮೇಲೆ ಅಪರಿಚಿತ ಮುಖವೊಂದು ಬಾಗಿಲು ತಟ್ಟುತ್ತದೆ. ಇಲ್ಲಿ ಸುಳ್ಳು ಹೇಳಿದರೆ ಕೇಳುವವರಿಲ್ಲ, ಅಳುವವರೂ ಬೇರೆಯವರಲ್ಲ.

ಆರಂಭಶೂರರಿಗೆ ಜಪಾನಿಯಲ್ಲಿ ‘ಮಿಕ್ಕ ಬೋಜು’ ಎನ್ನುತ್ತಾರೆ. ಮೂರು ದಿನದ ಸಂನ್ಯಾಸಿಯೆಂದು ಅರ್ಥ. ಚೀಟಿಯ ವ್ರತ ಹಿಡಿದವರಲ್ಲಿ ಅಂಥವರು ಕಡಿಮೆಯಿಲ್ಲ, ಅದಕ್ಕೆ ಕಾರಣವೂ ಲೆಕ್ಕದಲ್ಲಿಯೇ ಇದೆ. ದಿನಕ್ಕೆ ಹತ್ತು ಹೊಸ ಶಬ್ದಗಳಾದರೆ, ಮೇಲೆ ಹೇಳಿದ ಅಂತರಗಳಂತೆ, ಅರ್ಧ ವರ್ಷ ಕಳೆಯುವುದರೊಳಗೆ ದಿನಕ್ಕೆ ಐವತ್ತು ಹಳೆಯವು ಬಾಗಿಲಲ್ಲಿ ನಿಲ್ಲುತ್ತವೆ. ಜಾರಿಬಿದ್ದು ಮೊದಲ ಮನೆಗೆ ಮರಳಿದವು ಬೇರೆ. ಉತ್ಸಾಹದಲ್ಲಿ ದಿನಕ್ಕೆ ಐವತ್ತು ಹೊಸ ಶಬ್ದಗಳನ್ನು ತೆಗೆದುಕೊಂಡವನಿಗೆ ಅದು ಇನ್ನೂರೈವತ್ತು. ಮನೆಯಲ್ಲಿ ಮದುವೆಯೋ ಕಾಹಿಲೆಯೋ ಬಂದು ಒಂದು ವಾರ ತಪ್ಪಿದರೆ ಸಾವಿರಕ್ಕೂ ಮಿಕ್ಕಿ ರಾಶಿ. ಹೆಚ್ಚಿನವರು ಪುಸ್ತಕ ಮುಚ್ಚುವುದು ಆ ರಾಶಿಯನ್ನು ಕಂಡೇ ಹೊರತು ಕಾಂಜಿಗೆ ಹೆದರಿ ಅಲ್ಲ. ಅಂಥ ಹೊತ್ತಿನಲ್ಲಿ ಮಾಡತಕ್ಕದ್ದು ಒಂದೇ: ಹೊಸ ಶಬ್ದಗಳನ್ನು ಪೂರ್ತಿ ನಿಲ್ಲಿಸಿ, ದಿನಕ್ಕೆ ಇಷ್ಟೆಂದು ಹಳೆಯದನ್ನು ತೀರಿಸುತ್ತ ಬರುವುದು. ತಡವಾಗಿ ಬಂದ ಚೀಟಿ ಕೆಟ್ಟದ್ದಲ್ಲ. ತಡವಾಗಿಯೂ ನೆನಪಿದ್ದರೆ ಅದರ ಮುಂದಿನ ಅಂತರ ಇನ್ನೂ ದೊಡ್ಡದಾಗುತ್ತದೆ, ಅಷ್ಟರಮಟ್ಟಿಗೆ ಲಾಭವೇ.

ಏನು ಮಾಡಿದರೂ ನಿಲ್ಲದ ಶಬ್ದಗಳು ಕೆಲವು ಇದ್ದೇ ಇರುತ್ತವೆ. ‘ಅಂಕಿ’ ತಂತ್ರಾಂಶದವರು ಇವಕ್ಕೆ ಜಿಗಣೆಯೆಂದು ಹೆಸರಿಟ್ಟಿದ್ದಾರೆ, ರಕ್ತ ಹೀರುತ್ತವೆಂದು. ಎಂಟು ಸಲ ಜಾರಿದ ಚೀಟಿಯನ್ನು ಯಂತ್ರ ತಾನಾಗಿಯೇ ಬದಿಗಿಡುತ್ತದೆ. ಬದಿಗಿಟ್ಟದ್ದನ್ನು ಹಟದಿಂದ ಮತ್ತೆ ಎಳೆದು ತರುವುದಕ್ಕಿಂತ ಅದು ಯಾವುದರೊಡನೆ ಹೆಣೆದುಕೊಂಡಿದೆಯೆಂದು ನೋಡುವುದು ಮೇಲು. ತೊಡುವುದೆಂಬ ‘ಕಿರು’ವಿಗೆ ಕತ್ತರಿಸುವುದೆಂಬ ಇನ್ನೊಂದು ‘ಕಿರು’ ಎದುರಾಳಿಯಾಗಿರುತ್ತದೆ. ಕಾಂಜಿ ಬೇರೆ, ಸ್ವರದ ಏರಿಳಿತ ಬೇರೆ, ಕಾಗದದ ಮೇಲಿನ ಕಾನಾ ಒಂದೇ. ಒಂದನ್ನು ಕೆಲವು ವಾರ ಪೆಟ್ಟಿಗೆಯಿಂದ ಹೊರಗಿಡಬೇಕು. ಆ ನಡುವೆ ಮಕ್ಕಳ ಪುಸ್ತಕವೊಂದನ್ನು, ಕಾಂಜಿಯ ಪಕ್ಕದಲ್ಲಿ ಚಿಕ್ಕ ಕಾನಾ ಅಚ್ಚುಮಾಡಿದ್ದನ್ನು, ದಿನಕ್ಕೆ ಎರಡು ಪುಟದಂತೆ ಓದಬೇಕು. ಎಲ್ಲಿಯೋ ಒಂದು ಪುಟದಲ್ಲಿ ಯಾರೋ ಚಳಿಗೆ ಕೋಟು ತೊಡುತ್ತಾರೆ, ಇನ್ನೊಂದರಲ್ಲಿ ಯಾರೋ ಈರುಳ್ಳಿ ಕತ್ತರಿಸುತ್ತಾರೆ. ಆಗ ಆ ಎರಡು ವಾಕ್ಯಗಳನ್ನೇ ಹೊಸ ಚೀಟಿಗಳಿಗೆ ಬರೆದುಕೊಂಡು, ಹಳೆಯವನ್ನು ಹರಿದುಹಾಕಿ, ಮೊದಲ ಮನೆಯಲ್ಲಿಟ್ಟರಾಯಿತು.